ವರ್ಷವೆಂಬುದು ಸಾಕ್ಷ್ಯ, ಬೆಲೆಚೀಟಿಯಲ್ಲ

ವೈನ್ ಬಾಟಲಿಯ ಮೇಲೆ ಅಚ್ಚಾಗಿರುವ ವರ್ಷ ಅದು ಮಾರುಕಟ್ಟೆಗೆ ಬಂದ ವರ್ಷವಲ್ಲ. ಅದರೊಳಗಿನ ದ್ರಾಕ್ಷಿ ಕೊಯ್ಲಾದ ವರ್ಷ. ‘ವಿಂಟೇಜ್’ ಎಂದು ಕರೆಯುವುದು ಇದನ್ನೇ. ಬಳ್ಳಿ ಹೂಬಿಟ್ಟಾಗ ಮಳೆ ಸುರಿಯಿತೇ, ಕಾಯಿ ಬಲಿಯುವಾಗ ಬಿಸಿಲು ಸಾಕಷ್ಟಿತ್ತೇ, ಕೊಯ್ಲಿನ ಹೊತ್ತಿಗೆ ಮೋಡ ಕವಿಯಿತೇ ಎಂಬ ಸಂಗತಿಗಳೆಲ್ಲ ಆ ನಾಲ್ಕು ಅಂಕಿಗಳಲ್ಲಿ ಅಡಗಿರುತ್ತವೆ. ಆದ್ದರಿಂದ ಫ್ರಾನ್ಸಿನ ಬೋರ್ಡೊ ಪ್ರಾಂತದ ಒಂದೇ ತೋಟದ 1961ರ ಬಾಟಲಿಯನ್ನು 1982ರ ಬಾಟಲಿಯ ಪಕ್ಕದಲ್ಲಿಟ್ಟು ರುಚಿ ನೋಡುವ ವೈನ್‌ಪ್ರಿಯರ ಹವ್ಯಾಸ ಹೊರಗಿನವರಿಗೆ ವಿಚಿತ್ರವೆನಿಸಿದರೂ ಅರ್ಥಹೀನವಲ್ಲ. ಮದ್ಯಪಾನದ ಸರಿ–ತಪ್ಪುಗಳ ಚರ್ಚೆ ಬೇರೆಯೇ. ಇಲ್ಲಿನ ಪ್ರಶ್ನೆ, ಗುಣದ ಸಾಕ್ಷ್ಯವಾಗಬೇಕಿದ್ದ ವರ್ಷವು ಬೆಲೆಯ ಚೀಟಿಯಾದರೆ ಏನಾಗುತ್ತದೆ ಎಂಬುದು.

ವೈನ್ ಹಳೆಯದಾದಷ್ಟೂ ಶ್ರೇಷ್ಠ ಎಂಬ ನಂಬಿಕೆ ವ್ಯಾಪಕವಾಗಿದೆ. ವಾಸ್ತವ ಹಾಗಿಲ್ಲ. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸಲೆಂದೇ ಇರುವಂಥದು. ಅದನ್ನು ಇಪ್ಪತ್ತು ವರ್ಷ ಕೂಡಿಟ್ಟರೆ ಸಿಗುವುದು ಸಪ್ಪೆಯಾದ ಹುಳಿನೀರು. ಒಗರು, ಹುಳಿ ಮತ್ತು ಸಾರ ಹದವಾಗಿ ಕೂಡಿರುವ ಕೆಲವು ವೈನುಗಳಷ್ಟೇ ಕಾಲವನ್ನು ತಾಳಿಕೊಳ್ಳಬಲ್ಲವು. ಅಂಥವುಗಳಲ್ಲಿ ಸಿಪ್ಪೆ–ಬೀಜಗಳಿಂದ ಬಂದ ಒಗರಿನ ಅಂಶಗಳು ನಿಧಾನವಾಗಿ ಒಂದಕ್ಕೊಂದು ಬೆಸೆದು ಗಷ್ಟಾಗಿ ತಳದಲ್ಲಿ ಕೂರುತ್ತವೆ. ಕಡುನೇರಳೆ ಬಣ್ಣ ಇಟ್ಟಿಗೆಗೆಂಪಿಗೆ ತಿರುಗುತ್ತದೆ. ಹಣ್ಣಿನ ಪರಿಮಳ ಹಿಂದೆ ಸರಿದು ಒಣಗಿದೆಲೆ, ತೊಗಲು, ಹಸಿಮಣ್ಣನ್ನು ನೆನಪಿಸುವ ವಾಸನೆಗಳು ಮೇಲೇಳುತ್ತವೆ. ಇದೆಲ್ಲ ನಡೆಯಬೇಕಾದರೆ ಕತ್ತಲೆ, ಸುಮಾರು 12–13 ಡಿಗ್ರಿ ಸೆಲ್ಸಿಯಸ್‌ನ ಸ್ಥಿರವಾದ ತಂಪು ಮತ್ತು ಒಣಗದ ಕಾರ್ಕ್ ಬಿರಡೆ ಬೇಕು. ನಮ್ಮ ಅಡುಗೆಮನೆಗಳಿಗೆ ಈ ತತ್ವ ಹೊಸದೇನಲ್ಲ. ಹಳೆಯ ಅಕ್ಕಿಯ ಅನ್ನ ಉದುರುದುರಾಗುತ್ತದೆ, ನಿಜ. ಆದರೆ ತೇವ ತಗುಲಿದ ಮೂಟೆಗೆ ವಯಸ್ಸಾದಂತೆ ಹುಳ ಬೀಳುತ್ತದೆಯೇ ಹೊರತು ರುಚಿ ಬರುವುದಿಲ್ಲ.

ವಯಸ್ಸಿನ ಬಗೆಗಿನ ಪೂರ್ವಗ್ರಹ ಎಷ್ಟು ಗಟ್ಟಿಯಾದುದೆಂಬುದಕ್ಕೆ 1976ರ ಪ್ಯಾರಿಸ್ ಪರೀಕ್ಷೆ ಉತ್ತಮ ನಿದರ್ಶನ. ಬ್ರಿಟಿಷ್ ವೈನ್ ವ್ಯಾಪಾರಿ ಸ್ಟೀವನ್ ಸ್ಪರಿಯರ್ ಅಂದು ಫ್ರಾನ್ಸಿನ ಹೆಸರಾಂತ ವೈನುಗಳನ್ನೂ ಕ್ಯಾಲಿಫೋರ್ನಿಯಾದ ವೈನುಗಳನ್ನೂ ಹೆಸರು ಮರೆಮಾಚಿ ಫ್ರೆಂಚ್ ಪರಿಣತರ ಮುಂದಿಟ್ಟರು. ಕೆಂಪು, ಬಿಳಿ ಎರಡರಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾದ ಪಾಲಾಯಿತು. ಅಮೆರಿಕದ ವೈನು ಎಳೆಯದಾಗಿದ್ದಾಗ ಮೆರೆಯುತ್ತದೆ, ಫ್ರಾನ್ಸಿನದು ಕಾಲ ಕಳೆದಂತೆ ಗೆಲ್ಲುತ್ತದೆ ಎಂಬುದು ಆಗ ಕೇಳಿಬಂದ ಆಕ್ಷೇಪ. ಅದಕ್ಕೆ ಉತ್ತರ ಸಿಗಲು 30 ವರ್ಷ ಬೇಕಾಯಿತು. 2006ರಲ್ಲಿ ಅವೇ ಕೆಂಪು ವೈನುಗಳನ್ನು ಲಂಡನ್ ಮತ್ತು ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಮತ್ತೆ ಪರೀಕ್ಷಿಸಿದಾಗ 1971ರ ರಿಜ್ ಮಾಂಟೆ ಬೆಲ್ಲೊ ಅಗ್ರಸ್ಥಾನಕ್ಕೇರಿತು. ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೇ ಸಂದವು. ವಂಶದ ಹಿರಿಮೆ ಬಾಟಲಿಯೊಳಗೆ ತಾನಾಗಿ ಹಣ್ಣಾಗುವುದಿಲ್ಲ ಎಂಬುದನ್ನು ಹೇಳಲು ಇದಕ್ಕಿಂತ ಪ್ರಾಮಾಣಿಕವಾದ ದಾರಿ ಇರಲಿಲ್ಲ.

ಮಾರುಕಟ್ಟೆ ಹಿಡಿದದ್ದು ಬೇರೆ ದಾರಿ. 1855ರಲ್ಲಿ ಬೋರ್ಡೊ ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದಾಗ ದಲ್ಲಾಳಿಗಳು ಆಧಾರವಾಗಿ ಹಿಡಿದದ್ದು ಮುಖ್ಯವಾಗಿ ಬೆಲೆಯನ್ನೇ. ಆ ಪಟ್ಟಿ ಬಹುಮಟ್ಟಿಗೆ ಇಂದಿಗೂ ಹಾಗೆಯೇ ಉಳಿದಿದೆ. 1982ರ ಬೋರ್ಡೊ ವೈನನ್ನು ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಎತ್ತಿಹಿಡಿದ ಮೇಲೆ ಅವರು ನೀಡುವ ನೂರರ ಅಂಕಗಳು ಬೆಲೆಯನ್ನು ಕುಣಿಸತೊಡಗಿದವು. ಬಾಟಲಿ ತೆರೆಯುವುದಕ್ಕಿಂತ ಹರಾಜಿಗಿಡುವುದೇ ಲಾಭ ಎಂದಾದಾಗ ಅದರೊಳಗೆ ಏನಿದೆ ಎಂದು ಪರೀಕ್ಷಿಸುವವರೇ ಇಲ್ಲವಾಗುತ್ತಾರೆ.

ವಂಚನೆಗೆ ಅಷ್ಟು ಸಾಕಾಯಿತು. 2008ರಲ್ಲಿ ನ್ಯೂಯಾರ್ಕಿನ ಹರಾಜಿಗೆ ಬಂದ ಬರ್ಗಂಡಿಯ ಪೊನ್ಸೊ ಸಂಸ್ಥೆಯ ಕ್ಲೊ ಸೇಂಟ್ ಡೆನಿ ಬಾಟಲಿಗಳ ಮೇಲೆ 1945ರಷ್ಟು ಹಿಂದಿನ ವರ್ಷಗಳಿದ್ದವು. ಸಂಸ್ಥೆ ಆ ವೈನನ್ನು ತಯಾರಿಸತೊಡಗಿದ್ದೇ 1982ರಲ್ಲಿ! ಮಾಲೀಕ ಲೊರಾನ್ ಪೊನ್ಸೊ ಖುದ್ದಾಗಿ ಬಂದು ಅವುಗಳ ಮಾರಾಟ ತಡೆದರು. ಬಾಟಲಿಗಳ ಮೂಲ ರೂಡಿ ಕುರ್ನಿಯವಾನ್ ಎಂಬ ಸಂಗ್ರಾಹಕ. 2012ರಲ್ಲಿ ಅವನನ್ನು ಬಂಧಿಸಿದಾಗ ಮನೆಯಲ್ಲಿ ಸಿಕ್ಕಿದ್ದು ಬಿರಡೆಗಳು, ಖಾಲಿ ಬಾಟಲಿಗಳು ಮತ್ತು ಸಾವಿರಾರು ಲೇಬಲ್‌ಗಳು. 2014ರಲ್ಲಿ ನ್ಯಾಯಾಲಯ ಅವನಿಗೆ 10 ವರ್ಷಗಳ ಸೆರೆವಾಸ ವಿಧಿಸಿತು. ಹಲವು ವರ್ಷಗಳ ಕಾಲ ಅವನ ಜೊತೆ ಕುಳಿತು ಕುಡಿದ ಪರಿಣತರು ಇದ್ದರು. ಮೋಸ ಬಯಲಾಗಲು ಮಾತ್ರ ನಾಲಿಗೆಗಿಂತ ಕಡತ ಬೇಕಾಯಿತು.

ಕಡತಕ್ಕೆ ಇದಕ್ಕಿಂತ ದೊಡ್ಡ ಉಪಯೋಗವೂ ಇದೆ. ಬರ್ಗಂಡಿಯ ಬೋನ್ ಪಟ್ಟಣದಲ್ಲಿ 1354ರಿಂದ ದ್ರಾಕ್ಷಿ ಕೊಯ್ಲು ಆರಂಭವಾದ ದಿನಗಳನ್ನು ಕೂಲಿಲೆಕ್ಕ, ಪುರಸಭೆಯ ನಡಾವಳಿ, ಪತ್ರಿಕಾ ವರದಿಗಳಿಂದ ಸಂಶೋಧಕರು ಕಲೆಹಾಕಿದ್ದಾರೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, 1988ರಿಂದೀಚೆಗೆ ಕೊಯ್ಲು ಹಿಂದಿನ ಶತಮಾನಗಳ ಸರಾಸರಿಗಿಂತ ಸುಮಾರು 13 ದಿನ ಮೊದಲೇ ಶುರುವಾಗುತ್ತಿದೆ. ಬೇಗ ಹಣ್ಣಾದ ದ್ರಾಕ್ಷಿಯಲ್ಲಿ ಸಕ್ಕರೆ ಹೆಚ್ಚು, ಹುಳಿ ಕಡಿಮೆ. ವೈನು ದೀರ್ಘಕಾಲ ಬಾಳಲು ಬೇಕಾದುದೇ ಹುಳಿ. ಹಾಗಿರುವಾಗ 1961ರ ಬಾಟಲಿ ಮಾಗಿದ ಬಗೆಯನ್ನು ನೋಡಿ ಇಂದಿನ ಬಾಟಲಿಯ ಭವಿಷ್ಯ ನುಡಿಯಲು ಸಾಧ್ಯವೇ? ವರ್ಷ–ವರ್ಷಗಳ ಹೋಲಿಕೆ ಈಗ ಶ್ರೀಮಂತರ ವಿನೋದವಾಗಿ ಮಾತ್ರ ಉಳಿದಿಲ್ಲ. ಅದು ಹವಾಮಾನದ ಚರಿತ್ರೆಯೂ ಹೌದು.

ಈ ಪಾಠ ನಮಗೂ ಅನ್ವಯಿಸುತ್ತದೆ. ನಂದಿಬೆಟ್ಟದ ತಪ್ಪಲಿನಲ್ಲಿ ವೈನ್ ದ್ರಾಕ್ಷಿ ಬೆಳೆಯತೊಡಗಿ ಮೂರು ದಶಕಗಳು ಮೀರಿವೆ. ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ರೂಪಿಸಿದೆ. ಯುರೋಪಿನಲ್ಲಿ ಶರತ್ಕಾಲಕ್ಕೆ ಆಗುವ ಕೊಯ್ಲು ಇಲ್ಲಿ ಬೇಸಿಗೆಯ ಹೊಸ್ತಿಲಲ್ಲಿ ಆಗುತ್ತದೆ. ಬೋರ್ಡೊದ ವಯಸ್ಸಿನ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ, ಹೊಂದಬೇಕೆಂದೂ ಇಲ್ಲ. ಆದರೆ ಪ್ರತಿ ವರ್ಷದ ಚಾಟನಿಯ ದಿನ, ಮಳೆ, ಕೊಯ್ಲಿನ ದಿನಗಳನ್ನು ಬೆಳೆಗಾರರೂ ತೋಟಗಾರಿಕೆ ಇಲಾಖೆಯೂ ಶ್ರದ್ಧೆಯಿಂದ ಬರೆದಿಡಬೇಕು. ಐರೋಪ್ಯ ಒಕ್ಕೂಟದಲ್ಲಿ ಬಾಟಲಿಯ ಮೇಲೆ ವರ್ಷ ಮುದ್ರಿಸಬೇಕಾದರೆ ಕನಿಷ್ಠ ಶೇ 85ರಷ್ಟು ದ್ರಾಕ್ಷಿ ಅದೇ ವರ್ಷದ್ದಾಗಿರಬೇಕು. ಅಂಥ ನಿಯಮಗಳಿಗೆ ಬೆಲೆ ಬರುವುದು ಅವುಗಳ ಹಿಂದೆ ತೆರೆದು ನೋಡಬಹುದಾದ ದಾಖಲೆ ಇದ್ದಾಗ ಮಾತ್ರ.

ವರ್ಷವನ್ನು ಅಚ್ಚು ಹಾಕುವುದು ಸುಲಭ. ಆ ವರ್ಷಕ್ಕೆ ನಿಷ್ಠರಾಗಿರುವುದು ಕಷ್ಟ. ಗ್ರಾಹಕ ತೆರುವ ಹಣ ಈ ನಿಷ್ಠೆಗೆ ಸಲ್ಲಬೇಕೇ ಹೊರತು ಬಾಟಲಿಯ ಮೇಲೆ ಕೂತ ಧೂಳಿಗಲ್ಲ.