ಮಗುವೇ ಬರೆದ ಪುಸ್ತಕ

ಎರಡನೇ ತರಗತಿಯ ಮಗುವಿಗೆ ಹಸುವಿನ ಬಗ್ಗೆ ಐದು ವಾಕ್ಯ ಬರೆಯಲು ಹೇಳಿ ನೋಡಿ. ‘ಹಸು ಸಾಕುಪ್ರಾಣಿ. ಹಸುವಿಗೆ ನಾಲ್ಕು ಕಾಲುಗಳಿವೆ’ ಎಂದು ಉರುಹೊಡೆದದ್ದನ್ನೇ ಬರೆದು ಪೆನ್ಸಿಲ್ ಕೆಳಗಿಡುತ್ತದೆ. ಅದೇ ಮಗು, ಬೆಳಿಗ್ಗೆ ಹಸು ಹಗ್ಗ ಕಿತ್ತುಕೊಂಡು ಪಕ್ಕದ ಹೊಲಕ್ಕೆ ನುಗ್ಗಿದ್ದನ್ನೂ ಅಜ್ಜಿ ಕೋಲು ಹಿಡಿದು ಓಡಿದ್ದನ್ನೂ ಗೆಳೆಯರಿಗೆ ಒಂದೇ ಉಸಿರಿನಲ್ಲಿ ಹೇಳುತ್ತದೆ. ಬಾಯಲ್ಲಿದ್ದ ಕಥೆ ಕೈಗೆ ಏಕೆ ಇಳಿಯಲಿಲ್ಲ? ಬರೆದದ್ದನ್ನು ಓದುವವರು ಕೆಂಪು ಶಾಯಿಯ ಮೇಷ್ಟರು ಮಾತ್ರ ಎಂಬುದು ಮಗುವಿಗೂ ಗೊತ್ತು!

ಫ್ರಾನ್ಸಿನ ಹಳ್ಳಿ ಮೇಷ್ಟರು ಸೆಲೆಸ್ತಾಂ ಫ್ರೆನೆ ಇದಕ್ಕೊಂದು ದಾರಿ ಹುಡುಕಿದ್ದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದರಿಂದ ಅವರಿಗೆ ಹೆಚ್ಚು ಹೊತ್ತು ಪಾಠ ಹೇಳುವುದು ಕಷ್ಟವಾಗಿತ್ತು. 1920ರ ದಶಕದಲ್ಲಿ ಅವರು ತರಗತಿಗೆ ಪುಟ್ಟ ಮುದ್ರಣ ಯಂತ್ರ ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದು, ಮೊಳೆ ಜೋಡಿಸಿ, ಅಚ್ಚು ಹಾಕಿ ದೂರದ ಇನ್ನೊಂದು ಶಾಲೆಗೆ ಅಂಚೆಯಲ್ಲಿ ಕಳುಹಿಸಿದರು. ಓದುವವರು ಇದ್ದಾರೆಂದ ಮೇಲೆ ತಪ್ಪಿಲ್ಲದೆ ಬರೆಯುವುದಕ್ಕೂ ಒಂದು ಅರ್ಥ ಬಂತು.

ಆ ಯಂತ್ರದ ಕೆಲಸವನ್ನು ಇಂದು ಅಂತರ್ಜಾಲದ ಪುಸ್ತಕ ತಯಾರಿ ಸಾಧನಗಳು ಮಾಡುತ್ತವೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ ‘ಸ್ಟೋರಿವೀವರ್’ ತಾಣದಲ್ಲಿ ಚಿತ್ರಗಳನ್ನು ಆರಿಸಿ, ಜೊತೆಗೆ ಮಾತು ಬರೆದು ಕನ್ನಡದಲ್ಲೇ ಪುಸ್ತಕ ಮಾಡಬಹುದು. ಕಾಸು ಕೊಡಬೇಕಿಲ್ಲ. ‘ಬುಕ್ ಕ್ರಿಯೇಟರ್’ನಲ್ಲಿ ಮಗು ತಾನೇ ಬಿಡಿಸಿದ ಚಿತ್ರದ ಫೋಟೊ ಹಾಕಬಹುದು, ತನ್ನ ದನಿಯನ್ನೂ ಸೇರಿಸಬಹುದು.

ಕನ್ನಡದ ಮಕ್ಕಳಿಗೆ ಇನ್ನೊಂದು ಲಾಭವೂ ಉಂಟು. ‘ಸೂರ್ಯ’ ಎಂದು ಕೈಯಲ್ಲಿ ಬರೆಯುವಾಗ ‘ಯ’ ಮೊದಲು ಬರುತ್ತದೆ, ಅರ್ಕಾವೊತ್ತು ಆಮೇಲೆ. ಯುನಿಕೋಡ್ ಕೀಲಿಮಣೆಯಲ್ಲಾದರೆ ನುಡಿದ ಕ್ರಮದಲ್ಲೇ ‘ರ’ ಮೊದಲು ಒತ್ತಬೇಕು. ಹಾಗಾಗಿ ಮಗು ಪದವನ್ನು ಕಿವಿಗೊಟ್ಟು ಕೇಳಲೇಬೇಕು. ಆದರೆ ಕೀಲಿಮಣೆಯಲ್ಲಿ ಕನ್ನಡದ ಅಕ್ಷರಗಳೇ ಕಾಣುವಂತಿರಲಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರೆಯುವ ವಿಧಾನ ಚಿಕ್ಕ ಮಕ್ಕಳಿಗೆ ಎರಡು ಪಟ್ಟು ಹೊರೆ.

ಎಚ್ಚರಿಕೆಯೂ ಬೇಕು. ಸಿದ್ಧ ಚಿತ್ರಗಳನ್ನು ಮೊದಲೇ ತೋರಿಸಿದರೆ ಮಗುವಿನ ಹಸು ಮರೆಯಾಗಿ, ಪರದೆಯ ಮೇಲಿನ ಆನೆ ಕಥೆಯೊಳಗೆ ಬಂದುಬಿಡುತ್ತದೆ. ಆದ್ದರಿಂದ ಮಗು ಮೊದಲು ಕಥೆ ಹೇಳಲಿ, ಆಮೇಲೆ ಕಾಗದದ ಮೇಲೆ ಬರೆಯಲಿ, ಚಿತ್ರ ಬಿಡಿಸಲಿ. ಯಂತ್ರ ಕೊನೆಗೆ ಬರಲಿ. ಕೈಬರಹ ತಪ್ಪಬಾರದು. ಅಕ್ಷರ ಇನ್ನೂ ಬಾರದ ಮಗು ಹೇಳುತ್ತಾ ಹೋಗಲಿ, ಶಿಕ್ಷಕಿ ಬರೆದುಕೊಳ್ಳಲಿ. ಆಗ ‘ಅಜ್ಜಿ ಓಡ್ಕೊಂಡ್ ಬಂತು’ ಎಂದರೆ ಹಾಗೆಯೇ ಬರೆಯಲಿ. ಮನೆಮಾತನ್ನು ಮೊದಲ ಪುಟದಲ್ಲೇ ತಿದ್ದಿದರೆ ಎರಡನೇ ಪುಟ ಹುಟ್ಟುವುದಿಲ್ಲ. ಮಗುವಿನ ಪೂರ್ತಿ ಹೆಸರು, ಭಾವಚಿತ್ರ, ಶಾಲೆಯ ವಿಳಾಸ ಅಂತರ್ಜಾಲಕ್ಕೆ ಹೋಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ.

ತರಗತಿಗೆಲ್ಲಾ ಒಂದೇ ಫೋನ್ ಇದ್ದರೂ ಸಾಕು. ಮುಗಿದ ಪುಸ್ತಕವನ್ನು ಕಾಗದದ ಮೇಲೆ ಮುದ್ರಿಸಿ, ದಾರ ಹೊಲಿದು ತರಗತಿಯ ಕಪಾಟಿನಲ್ಲಿಡಿ. ಮರುದಿನ ಪಕ್ಕದ ಹುಡುಗ ಅದನ್ನು ತೆಗೆದು ಓದಿ, ‘ಆಮೇಲೆ ಹಸು ಏನು ಮಾಡಿತು?’ ಎಂದು ಕೇಳಿಯೇ ಕೇಳುತ್ತಾನೆ. ಬರೆದ ಮಗು ಮತ್ತೆ ಪೆನ್ಸಿಲ್ ಹಿಡಿಯಲು ಆ ಒಂದು ಪ್ರಶ್ನೆ ಸಾಕು.