ಕಾಡಿನ ಅಣಬೆ: ಗುರುತಿಸುವ ಬಗೆ

ಮುಂಗಾರಿನ ಮಳೆ ನೆಲವನ್ನು ತೋಯಿಸಿ, ನಡುವೆ ಒಂದೆರಡು ದಿನ ಎಳೆಬಿಸಿಲು ಕಾಣಿಸಿಕೊಂಡಿತೆಂದರೆ ಮಲೆನಾಡಿನ ಕಾಡುಗಳಲ್ಲಿ ಅಣಬೆಗಳು ಮೇಲೇಳುತ್ತವೆ. ನಿನ್ನೆ ಬರಿದಾಗಿದ್ದ ಹುತ್ತದ ಮಗ್ಗುಲಲ್ಲಿ ಇಂದು ಬಿಳಿಯ ಕೊಡೆಗಳು ಗುಂಪುಗುಂಪಾಗಿ ಅರಳಿ ನಿಂತಿರುತ್ತವೆ. ನಮ್ಮ ಜನ ಇದಕ್ಕೆ ನಾಯಿಕೊಡೆ ಎಂದೂ ಹೆಸರಿಟ್ಟರು. ಕೊಡಗಿನವರು ಕುಮ್ಮು ಎಂದರು, ತುಳುವರು ಅಲಂಬು ಎಂದರು. ಹೆಸರುಗಳಂತೆ ಜಾತಿಗಳೂ ಹಲವು. ಅವುಗಳಲ್ಲಿ ಕೆಲವು ರುಚಿಯಾದ ಆಹಾರ, ಬಹಳಷ್ಟು ತಿನ್ನಲು ಬಾರದವು, ಕೆಲವು ಪ್ರಾಣಾಂತಕವಾದವು. ಇವುಗಳನ್ನು ಗುರುತಿಸುವುದು ಹೇಗೆಂಬುದೇ ಈ ತಿಂಗಳ ವಿಚಾರ.

ನಮ್ಮ ಎಷ್ಟೋ ಮನೆಗಳಲ್ಲಿ ಹಿಂದೆ ಅಣಬೆ ಒಲೆಯನ್ನೇ ಏರುತ್ತಿರಲಿಲ್ಲ. ಇಂದು ಪೇಟೆಯ ಬಟನ್ ಅಣಬೆ ಮದುವೆಯ ಊಟಕ್ಕೂ ಬಂದಿದೆ. ಇದು ಸಸ್ಯಾಹಾರವೆ ಎಂದು ಹಿರಿಯರು ಕೇಳುವುದುಂಟು. ಅಣಬೆ ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಪತ್ರಹರಿತ್ತು ಇಲ್ಲದ ಕಾರಣ ಅದು ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳಲಾರದು. 1969ರಲ್ಲಿ ವಿಟೇಕರ್ ಎಂಬ ಅಮೆರಿಕದ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಂಗಡಿಸಿ, ಶಿಲೀಂಧ್ರಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟರು. ನಮ್ಮ ಕಣ್ಣಿಗೆ ಬೀಳುವ ಕೊಡೆ ಅದರ ಫಲ ಮಾತ್ರ. ಜೀವಿಯ ಮುಖ್ಯ ಭಾಗವು ಮಣ್ಣು, ಮರ, ತರಗೆಲೆಗಳೊಳಗೆ ನೂಲಿನೆಳೆಗಳ ಬಲೆಯಂತೆ ಹರಡಿಕೊಂಡಿರುತ್ತದೆ. ಉಣ್ಣುವುದು ಬಿಡುವುದು ಆಯಾ ಮನೆಯ ರೂಢಿಗೆ ಸೇರಿದ್ದು.

ಹುತ್ತದ ಅಣಬೆಯ ಬಾಳು ಬಹಳ ಸೋಜಿಗದ್ದು. ಗೆದ್ದಲುಗಳು ಒಣಗಿದ ಎಲೆ, ಕಟ್ಟಿಗೆಗಳನ್ನು ತಿಂದು, ಆ ಮಲದಿಂದಲೇ ಹುತ್ತದೊಳಗೆ ಜೇನುಗೂಡಿನಂತಹ ತೋಟ ಕಟ್ಟುತ್ತವೆ. ಅದರ ಮೇಲೆ ಈ ಶಿಲೀಂಧ್ರವನ್ನು ಬೆಳೆಸಿ ಆಹಾರ ಪಡೆಯುತ್ತವೆ. ಮಳೆ ಬಿದ್ದಾಗ ಆ ತೋಟದಿಂದಲೇ ಅಣಬೆ ಮಣ್ಣನ್ನು ಸೀಳಿಕೊಂಡು ಹೊರಬರುತ್ತದೆ. ಆದುದರಿಂದ ಅದರ ಕೊಡೆಯ ನಡುವೆ ಮೊನಚಾದ ಉಬ್ಬು ಇರುತ್ತದೆ. ಕಾಂಡವು ಬೇರಿನಂತೆ ಉದ್ದವಾಗಿ ಗೆದ್ದಲಿನ ತೋಟದವರೆಗೂ ಇಳಿದಿರುತ್ತದೆ. ಬೇಕಾದಲ್ಲಿ ಬೆಳೆದುಕೊಳ್ಳಲು ಬಾರದ ಅಣಬೆ ಇದು. ಕಾಡಿನ ಅಂಚಿನ ಜನ ಹಿರಿಯರ ಜೊತೆ ಹೋಗಿ, ವರ್ಷವರ್ಷವೂ ಅದೇ ಹುತ್ತದ ಬಳಿ ಅದನ್ನು ಕಂಡು ಕಲಿತಿದ್ದಾರೆ.

ಈ ಕಲಿಕೆ ಇಲ್ಲದವರು ಸುಲಭದ ಪರೀಕ್ಷೆಗಳನ್ನು ನಂಬುತ್ತಾರೆ. ವಿಷದ ಅಣಬೆಯೊಡನೆ ಬೇಯಿಸಿದ ಬೆಳ್ಳಿ ಕಪ್ಪಾಗುತ್ತದೆ, ಬೆಳ್ಳುಳ್ಳಿ ಬಣ್ಣ ಬದಲಿಸುತ್ತದೆ, ಹುಳು ತಿಂದ ಅಣಬೆ ನಿರಪಾಯ, ಬಿಳಿಯದು ಒಳ್ಳೆಯದು, ಚೆನ್ನಾಗಿ ಬೇಯಿಸಿದರೆ ವಿಷ ಹೋಗುತ್ತದೆ ಎಂಬ ಮಾತುಗಳು ಬಳಕೆಯಲ್ಲಿವೆ. ಇವುಗಳಲ್ಲಿ ಒಂದೂ ನಿಜವಲ್ಲ. ಎಲ್ಲ ವಿಷದ ಅಣಬೆಗಳಿಗೂ ಸಲ್ಲುವ ಒಂದೇ ಲಕ್ಷಣವಿಲ್ಲ. ಒಂದೊಂದು ಜಾತಿಯನ್ನೂ ಬೇರೆಬೇರೆಯಾಗಿ ಅರಿಯಬೇಕಾಗುತ್ತದೆ.

ನೋಡುವುದರಲ್ಲಿ ಒಂದು ಕ್ರಮವಿದೆ. ಮೊದಲು ಅದು ಎಲ್ಲಿ ಬೆಳೆದಿದೆ ಎಂಬುದನ್ನು ಗಮನಿಸಬೇಕು: ಹುತ್ತದಲ್ಲೋ, ಕೊಳೆತ ಮರದಲ್ಲೋ, ಸಗಣಿಯಲ್ಲೋ, ಹುಲ್ಲಿನಲ್ಲೋ, ಯಾವ ಮರದ ಬುಡದಲ್ಲೋ? ಬಳಿಕ ಕೊಡೆಯ ಬಣ್ಣ, ಆಕಾರ, ಮೇಲಿನ ಹುರುಪೆ. ಅನಂತರ ಕೊಡೆಯಡಿಯಲ್ಲಿ ಪುಸ್ತಕದ ಹಾಳೆಗಳಂತಿರುವ ಪದರುಗಳ ಬಣ್ಣ. ಕಾಂಡದ ಸುತ್ತ ಉಂಗುರವಿದೆಯೆ ಎಂದು ನೋಡಬೇಕು. ಬುಡವನ್ನಂತೂ ಕಿತ್ತು ನೋಡದೆ, ಸುತ್ತಲಿನ ಮಣ್ಣನ್ನು ಚೂರಿಯಿಂದ ಬಿಡಿಸಿ ನೋಡಬೇಕು. ಏಕೆಂದರೆ ಮಾರಕ ಅಣಬೆಗಳ ಮುಖ್ಯ ಗುರುತಾದ ಚೀಲದಂತಹ ಪೊರೆ ಹಲವು ವೇಳೆ ಮಣ್ಣಿನಲ್ಲೇ ಉಳಿದುಬಿಡುತ್ತದೆ.

ಕಡೆಯದು ಬೀಜಕಗಳ ಅಚ್ಚು. ಕಾಂಡವನ್ನು ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲಾಗಿಟ್ಟು, ಬಟ್ಟಲು ಮುಚ್ಚಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಕಾಗದದ ಮೇಲೆ ಬೀಜಕಗಳ ಪುಡಿ ಉದುರಿ ಚಿತ್ರ ಮೂಡಿರುತ್ತದೆ. ಹುತ್ತದ ಅಣಬೆಯದು ನಸುಗೆಂಪು. ಮಳೆಗಾಲದಲ್ಲಿ ಉದ್ಯಾನಗಳ ಹುಲ್ಲುಹಾಸಿನಲ್ಲಿ ಕಾಣಸಿಗುವ, ಕಂದು ಹುರುಪೆಯ ದೊಡ್ಡ ಬಿಳಿ ಅಣಬೆಯೊಂದರ ಅಚ್ಚು ಹಸಿರು. ಅದನ್ನು ತಿಂದವರಿಗೆ ಕೆಲವೇ ಗಂಟೆಗಳಲ್ಲಿ ತೀವ್ರವಾದ ವಾಂತಿಭೇದಿ ಉಂಟಾಗುತ್ತದೆ. ಅಮಾನಿಟಾ ಕುಲದ ಅಚ್ಚು ಬಿಳಿ. ಆದರೆ ನಸುಗೆಂಪು ಅಚ್ಚಿನ ಬೇರೊಂದು ಕುಲದಲ್ಲಿಯೂ ವಿಷದವುಗಳಿವೆ. ಆದುದರಿಂದ ಅಚ್ಚು ಒಂದು ಸಾಕ್ಷಿ ಮಾತ್ರ; ಎಲ್ಲ ಸಾಕ್ಷಿಗಳೂ ಒಂದೇ ಜಾತಿಯ ಕಡೆಗೆ ಬೆರಳು ತೋರಿದಾಗಲೇ ಗುರುತು ನಿಜವಾಗುವುದು.

ಒಂದು ಊರಿನ ಅನುಭವ ಮತ್ತೊಂದು ನಾಡಿನಲ್ಲಿ ನೆರವಾಗದೆಂಬುದಕ್ಕೆ ನೋವಿನ ನಿದರ್ಶನವಿದೆ. ನಮ್ಮಲ್ಲಿಯೂ ಪೂರ್ವ ಏಷ್ಯಾದಲ್ಲಿಯೂ ಬೆಳೆಯುವ ಭತ್ತದ ಹುಲ್ಲಿನ ಅಣಬೆಗೆ ಬುಡದಲ್ಲಿ ಚೀಲವಿರುತ್ತದೆ, ಉಂಗುರವಿಲ್ಲ, ಅಚ್ಚು ನಸುಗೆಂಪು. ಐರೋಪ್ಯ ಮೂಲದ ‘ಡೆತ್ ಕ್ಯಾಪ್’ ಎಂಬ ಅಮಾನಿಟಾಕ್ಕೂ ಬುಡದಲ್ಲಿ ಚೀಲವಿದೆ. ಜೊತೆಗೆ ಉಂಗುರವಿದ್ದು ಅಚ್ಚು ಬಿಳಿ. ಮೊಟ್ಟೆಯಂತಿರುವ ಎಳೆಯ ಹಂತದಲ್ಲಿ ಎರಡೂ ಒಂದೇ ಬಗೆ. ಓಕ್ ಮರದ ಬೇರಿನೊಡನೆ ಬಾಳುವ ಈ ಮಾರಿ, ಆ ಮರಗಳೊಂದಿಗೆ ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾಗಳನ್ನೂ ಸೇರಿದೆ. ಕ್ಯಾನ್‌ಬೆರಾ ನಗರದಲ್ಲಿ 2011ರ ಡಿಸೆಂಬರ್ 31ರ ರಾತ್ರಿ ಇದನ್ನು ಉಂಡವರಲ್ಲಿ ಇಬ್ಬರು ತೀರಿಕೊಂಡರು. ಆ ದೇಶಗಳಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋಗುವ ತಂದೆತಾಯಂದಿರು ಇದನ್ನು ನೆನಪಿನಲ್ಲಿಡಬೇಕು. ನಮ್ಮ ದೇಶದಲ್ಲೇ, 2022ರ ಏಪ್ರಿಲ್‌ನಲ್ಲಿ ಅಸ್ಸಾಮಿನಲ್ಲಿ ಕಾಡಣಬೆ ತಿಂದು ಮಕ್ಕಳೂ ಸೇರಿ 13 ಜನ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಚ್ಚಿನವರು ಚಹಾ ತೋಟದ ಕುಟುಂಬಗಳವರು.

ಡೆತ್ ಕ್ಯಾಪ್‌ನ ವಿಷ ಬಹು ಮೋಸದ್ದು. ತಿಂದಾಗ ರುಚಿ ಕೆಟ್ಟಿರುವುದಿಲ್ಲ. ಆರು ಗಂಟೆಯಿಂದ ಇಡೀ ಒಂದು ದಿನದವರೆಗೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ, ಭೇದಿ. ಅದೂ ನಿಂತು ರೋಗಿ ಗುಣಮುಖನಾದಂತೆ ತೋರುತ್ತಾನೆ. ಅದೇ ವೇಳೆಗೆ ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಆದುದರಿಂದ ಕಾಡಣಬೆ ತಿಂದವರಿಗೆ ಅಸ್ವಸ್ಥತೆ ಉಂಟಾದರೆ, ಅದು ತಾನಾಗಿ ಕಡಮೆಯಾದರೂ, ಮನೆಮದ್ದಿಗೆ ಕಾಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ತಿಂದ ಸಮಯವನ್ನು ವೈದ್ಯರಿಗೆ ತಿಳಿಸಬೇಕು. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಬೇಕು. ಜೊತೆಯಲ್ಲಿ ಉಂಡ ಇತರರನ್ನೂ, ಅವರು ಚೆನ್ನಾಗಿಯೇ ಇದ್ದರೂ, ತೋರಿಸಬೇಕು.

ಹಾಗೆಂದು ಅಣಬೆಯನ್ನು ಕಂಡು ಓಡಬೇಕಾಗಿಲ್ಲ. ಮುಟ್ಟಿದ ಮಾತ್ರಕ್ಕೆ ವಿಷವೇರುವುದಿಲ್ಲ. ಈ ಮಳೆಗಾಲದಲ್ಲಿ ಮಕ್ಕಳನ್ನು ತೋಟದಂಚಿಗೆ ಕರೆದೊಯ್ಯಿರಿ. ಕಂಡ ಅಣಬೆಯ ಚಿತ್ರ ಬರೆಯಿಸಿರಿ. ಬೆಳೆದ ಜಾಗ, ತಿಂಗಳು, ಅಚ್ಚಿನ ಬಣ್ಣಗಳನ್ನು ಗುರುತು ಹಾಕಿಸಿ, ಕೈ ತೊಳೆಸಿರಿ. ಊರಿನ ಹಿರಿಯರಿಂದ ಅವುಗಳ ಹೆಸರು ಕೇಳಿ ಬರೆದಿಡಲು ಹೇಳಿರಿ. ಆ ಹೆಸರುಗಳನ್ನು ಬಲ್ಲವರು ಈಗ ವಿರಳವಾಗುತ್ತಿದ್ದಾರೆ. ಅಡಿಗೆಗೆ ಮಾತ್ರ ಬಲ್ಲವರು ಬುಡಸಮೇತ ನೋಡಿ ಖಚಿತಪಡಿಸಿದ್ದನ್ನಷ್ಟೇ ಬಳಸಬೇಕು. ಕಿಂಚಿತ್ ಸಂದೇಹವಿದ್ದರೂ ಅದು ನೆಲದಲ್ಲೇ ಇರಲಿ.