ಎಚ್.ಆರ್. ಸಂಘದವರು ಹಂಗಳಕ್ಕೂ ಒಮ್ಮೆ ಬರಲಿ

ಕಾರ್ಖಾನೆ ಕೆಲಸಕ್ಕೆ ಸೇರುವವನು ಮೊದಲ ದಿನ ನಿಲ್ಲುವುದು ಎಚ್.ಆರ್. ಸಾಹೇಬರ ಮೇಜಿನ ಮುಂದೆ. ಕೆಲಸ ಬಿಟ್ಟು ಬರುವ ದಿನ ಕೊನೆಯ ಸಹಿ ಬೀಳುವುದೂ ಅದೇ ಮೇಜಿನ ಮೇಲೆ. ನಡುವಿನ ವರ್ಷಗಳಲ್ಲಿ ಹಾಜರಿ, ರಜೆ, ಬಡ್ತಿ, ಬೋನಸ್ಸು, ಪಿ.ಎಫ್., ಇ.ಎಸ್.ಐ. ಎಲ್ಲವೂ ಅಲ್ಲಿಂದಲೇ ಹಾದುಬರಬೇಕು. ಇಷ್ಟಿದ್ದರೂ ಹಂಗಳದಲ್ಲಿ ಬೆಳಗಿನ ಬಸ್ಸಿಗೆ ಕಾಯುವ ಹುಡುಗರನ್ನು "ಎಚ್.ಆರ್. ಅಂದ್ರೆ ಯಾರಪ್ಪ?" ಎಂದು ಕೇಳಿ ನೋಡಿ. "ಇನ್ಯಾರು, ಕೆಲಸದಿಂದ ತೆಗೆಯೋರು" ಎಂಬ ಉತ್ತರ ಬಂದರೆ ಯಾರೂ ಆಶ್ಚರ್ಯಪಡಬೇಕಾಗಿಲ್ಲ. ಒಂದು ವೃತ್ತಿಗೆ ಇದಕ್ಕಿಂತ ದೊಡ್ಡ ಎಚ್ಚರಿಕೆ ಬೇರೆ ಬೇಕಿಲ್ಲ.

ಗುಂಡ್ಲುಪೇಟೆಯಿಂದ ಸುಮಾರು ಹತ್ತು ಕಿಲೋಮೀಟರ್ ದೂರದಲ್ಲಿ, ಊಟಿ ರಸ್ತೆಯ ಮೇಲಿರುವ ಹೋಬಳಿ ಕೇಂದ್ರ ಹಂಗಳ. ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ತಿರುಗುವುದು ಇಲ್ಲೇ. ಕಾರಿನಲ್ಲಿ ಬರುವವರಿಗೆ ಇದು ಚೆಂಡು ಹೂ, ಸೂರ್ಯಕಾಂತಿ ಹೊಲಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವ ಜಾಗ. ಊರವರಿಗೆ ಗೊತ್ತು, ಮಳೆ ಕೈಕೊಟ್ಟರೆ ಹೂವೂ ಇಲ್ಲ, ಅರಿಶಿನವೂ ಇಲ್ಲ, ಈರುಳ್ಳಿಯೂ ಇಲ್ಲ. ಬೆಳೆ ಉಳಿದರೆ ಆನೆ, ಹಂದಿಗಳ ಕಾಟ. ಆದ್ದರಿಂದಲೇ ಮನೆಗೊಬ್ಬ ಮಗನೋ ಮಗಳೋ ನಂಜನಗೂಡು, ಮೈಸೂರು ಕಡೆಯ ಕಾರ್ಖಾನೆಗಳನ್ನು ನೆಚ್ಚಿಕೊಳ್ಳಬೇಕಾಗಿದೆ. ಚಾಮರಾಜನಗರ ತಾಲ್ಲೂಕಿನ ಬದನಗುಪ್ಪೆ–ಕೆಲ್ಲಂಬಳ್ಳಿಯಲ್ಲಿ ಕೈಗಾರಿಕಾ ಪ್ರದೇಶ ತಲೆ ಎತ್ತಿದ ಮೇಲೆ ಆ ಕಡೆಯೂ ಆಸೆಯ ಕಣ್ಣು ನೆಟ್ಟಿದೆ. ಅಂಗಡಿಯವರ ಸಾಲದ ಪುಸ್ತಕದಲ್ಲಿ ಹೆಸರು ಹೊಡೆಯುವುದು ಈಗ ಸುಗ್ಗಿಯಲ್ಲಿ ಮಾತ್ರವಲ್ಲ, ಸಂಬಳ ಬರುವ ವಾರದಲ್ಲಿ ಕೂಡ. ಹೀಗಿರುವಾಗ ಎಚ್.ಆರ್. ಕಚೇರಿಯಲ್ಲಿ ನಡೆಯುವುದು ಊರಿನ ಪೇಟೆಗೂ ಸೇರಿದ ವಿಚಾರವೇ.

ಎಚ್.ಆರ್. ಅಧಿಕಾರಿಗಳಿಗೂ ಒಂದು ಸಂಘವಿದೆ ಎಂಬುದು ಬಹಳ ಜನಕ್ಕೆ ತಿಳಿಯದು. 1948ರಲ್ಲಿ ಕಲ್ಕತ್ತಾದಲ್ಲಿ ಒಂದು ಸಂಸ್ಥೆ, 1950ರಲ್ಲಿ ಮುಂಬಯಿಯಲ್ಲಿ ಮತ್ತೊಂದು ಹುಟ್ಟಿ, ಎರಡೂ 1980ರಲ್ಲಿ ಒಂದಾಗಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಪರ್ಸನಲ್ ಮ್ಯಾನೇಜ್‌ಮೆಂಟ್ ಎಂಬ ಹೆಸರು ಪಡೆದವು. ಚಿಕ್ಕದಾಗಿ ಎನ್.ಐ.ಪಿ.ಎಂ. ಕೇಂದ್ರ ಕಚೇರಿ ಇರುವುದು ಕೋಲ್ಕತಾದಲ್ಲಿ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಶಾಖೆಗಳುಂಟು. ಉಪನ್ಯಾಸ, ತರಬೇತಿ, ವಿಚಾರಗೋಷ್ಠಿ, ವರ್ಷಕ್ಕೊಂದು ರಾಷ್ಟ್ರೀಯ ಸಮ್ಮೇಳನ ಇಂಥ ಸಂಘದ ಚಟುವಟಿಕೆಗಳು. ಹೊಸ ಕಾನೂನು ಬಂದರೆ ಅದರ ಅರ್ಥವೇನು, ಬೇರೆ ಕಾರ್ಖಾನೆಗಳಲ್ಲಿ ಏನು ಪದ್ಧತಿ ಎಂಬುದನ್ನು ಸದಸ್ಯರು ಅಲ್ಲಿ ಕಲಿಯುತ್ತಾರೆ. ಇದನ್ನು ಯಾರೂ ತಪ್ಪೆನ್ನಲಾರರು. ಡಾಕ್ಟರು ಹೊಸ ಔಷಧಿ ತಿಳಿಯಬೇಕು, ವಕೀಲರು ಹೊಸ ತೀರ್ಪು ಓದಬೇಕು. ಸಾವಿರ ಜನರ ಅನ್ನದ ವ್ಯವಹಾರ ನೋಡುವವರು ಕಲಿಯದೆ ಕೂತರೆ ಹೇಗೆ?

ಕಲಿತದ್ದು ಎಲ್ಲಿಯವರೆಗೆ ಮುಟ್ಟುತ್ತಿದೆ ಎಂಬುದೇ ಪ್ರಶ್ನೆ.

ಈ ವೃತ್ತಿ ಹುಟ್ಟಿದ ಬಗೆಯನ್ನೇ ನೋಡಿ. ಬ್ರಿಟಿಷರ ಕಾಲದಲ್ಲಿ ಗಿರಣಿಗಳಿಗೆ ಆಳು ಸೇರಿಸುತ್ತಿದ್ದವನು ಮೇಸ್ತ್ರಿ. ಸೇರಿಸಲು ಲಂಚ, ಉಳಿಸಿಕೊಳ್ಳಲು ಮಾಮೂಲು; ಎದುರಾಡಿದವನಿಗೆ ಗೇಟಿನ ದಾರಿ. 1929ರಲ್ಲಿ ನೇಮಕಗೊಂಡ ವಿಟ್ಲಿ ಆಯೋಗ 1931ರಲ್ಲಿ ಕೊಟ್ಟ ವರದಿಯಲ್ಲಿ ಈ ಹಾವಳಿ ತಪ್ಪಿಸಲು ಲೇಬರ್ ಆಫೀಸರ್ ಎಂಬ ಹುದ್ದೆ ಬೇಕೆಂದು ಶಿಫಾರಸು ಮಾಡಿತು. ಸ್ವಾತಂತ್ರ್ಯದ ಮರುವರ್ಷ, 1948ರ ಫ್ಯಾಕ್ಟರಿ ಕಾಯ್ದೆ, 500 ಅಥವಾ ಹೆಚ್ಚು ಕೆಲಸಗಾರರಿರುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕೆಂದಿತು. ಲೇಬರ್ ಆಫೀಸರ್ ಹೋಗಿ ಪರ್ಸನಲ್ ಮ್ಯಾನೇಜರ್ ಬಂದರು, ಅವರು ಹೋಗಿ ಎಚ್.ಆರ್. ಬಂದರು. ಬೋರ್ಡು ಎರಡು ಸಲ ಬದಲಾಯಿತು. ಮೂಲ ಕೆಲಸ ಒಂದೇ: ಆಳಿಗೂ ಆಡಳಿತಕ್ಕೂ ನಡುವೆ ನಿಂತು ತಿನ್ನುವ ಮೇಸ್ತ್ರಿಯನ್ನು ದೂರವಿಡುವುದು.

ಆ ಮೇಸ್ತ್ರಿ ಈಗ ಪ್ಯಾಂಟು ಹಾಕಿಕೊಂಡು ವಾಪಸು ಬಂದಿದ್ದಾನೆ. ಅವನ ಹೆಸರು ಕಂಟ್ರಾಕ್ಟರ್, ಅವನ ಕೈಕೆಳಗಿನವನು ಸೂಪರ್‌ವೈಸರ್. ಹಳ್ಳಿ ಹುಡುಗರಲ್ಲಿ ಎಷ್ಟೋ ಮಂದಿ ಸೇರುವುದು ಕಂಪನಿಗಲ್ಲ, ಕಂಟ್ರಾಕ್ಟರಿಗೆ. ಎಲ್ಲ ಕಂಟ್ರಾಕ್ಟರುಗಳೂ ಕೆಟ್ಟವರಲ್ಲ. ನ್ಯಾಯವಾಗಿ ನಡೆಸುವವರೂ ಇದ್ದಾರೆ. ಆದರೆ ಕೆಟ್ಟವನ ಕೈಗೆ ಸಿಕ್ಕವನ ಪಾಡು ಏನು? ಸಂಬಳದ ಚೀಟಿ ಇಲ್ಲ, ನೇಮಕದ ಕಾಗದ ಇಲ್ಲ. "ಕೇಳುದ್ರ ನಾಳಿಂದ ಬರ್ಬೇಡ ಅಂತಾರ" ಎಂಬ ಹೆದರಿಕೆ ಬೇರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಇಂಥ ಕಡೆಗೇ ಹುಟ್ಟಿದ್ದು.

ನಷ್ಟ ಎಷ್ಟೆಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ಪಿ.ಎಫ್. ಲೆಕ್ಕಕ್ಕೆ ಬರುವ ಸಂಬಳ 15 ಸಾವಿರ ರೂಪಾಯಿ ಎಂದಿಟ್ಟುಕೊಳ್ಳಿ. ಕೆಲಸಗಾರನಿಂದ ಶೇ. 12ರಂತೆ 1,800 ರೂ. ಮುರಿಯುತ್ತದೆ. ಮಾಲೀಕರೂ ಅಷ್ಟೇ ಹಾಕಬೇಕು. ಅದರಲ್ಲಿ 1,250 ರೂ. ಪಿಂಚಣಿ ಖಾತೆಗೆ, ಉಳಿದ 550 ಪಿ.ಎಫ್.ಗೆ. ಇ.ಎಸ್.ಐ.ಗೆ ಕೆಲಸಗಾರನ ಪಾಲು ಶೇ. 0.75, ಮಾಲೀಕರದು ಶೇ. 3.25. ಕಾಯಿಲೆ ಬಿದ್ದಾಗ ಅರ್ಹತೆಯ ದಿನಗಳು ತುಂಬಿದ್ದರೆ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ. 70ರಷ್ಟು ಹಣ ಸಿಗುತ್ತದೆ. ಇಷ್ಟು ಹಣ ಪ್ರತಿ ತಿಂಗಳು ತನ್ನ ಹೆಸರಿನಲ್ಲಿ ಜಮಾ ಆಗುತ್ತಿದೆಯೋ ಇಲ್ಲವೋ ಎಂದು ನೋಡಿಕೊಳ್ಳುವುದನ್ನು ಹುಡುಗನಿಗೆ ಯಾರು ಹೇಳಿಕೊಟ್ಟರು?

ಪಿಂಚಣಿಯ ಮಾತಂತೂ ಇನ್ನೂ ಕಷ್ಟದ್ದು. ಪಿ.ಎಫ್. ಪಿಂಚಣಿ ಸಿಗಲು ಕನಿಷ್ಠ ಹತ್ತು ವರ್ಷದ ಸೇವೆ ತೋರಬೇಕು. 2014ರಿಂದ ಒಬ್ಬರಿಗೆ ಜೀವಮಾನಕ್ಕೆಲ್ಲ ಒಂದೇ ನಂಬರು, ಅಂದರೆ ಯು.ಎ.ಎನ್., ಜಾರಿಯಲ್ಲಿದೆ. ಆದರೂ ಕಂಟ್ರಾಕ್ಟರ್ ಬದಲಾದಾಗ ಹಳೆಯ ನಂಬರು ಹೇಳದೆ ಹೊಸದು ಮಾಡಿಸಿಕೊಂಡರೆ ಸೇವೆ ಚೂರುಚೂರಾಗುತ್ತದೆ. ಕೆಲಸ ಬಿಟ್ಟಾಗಲೆಲ್ಲ ಪಿಂಚಣಿಯ ಹಣವನ್ನೂ ಬಿಡಿಸಿಕೊಂಡರೆ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಹನ್ನೆರಡು ವರ್ಷ ದುಡಿದವನು ಮೂರು ವರ್ಷ ದುಡಿದವನಂತೆ ನಿಲ್ಲುತ್ತಾನೆ. ಇದನ್ನು ತಪ್ಪಿಸಲು ದೊಡ್ಡ ಹೋರಾಟವೇನೂ ಬೇಡ. ಸೇರಿದ ದಿನ ಹತ್ತು ನಿಮಿಷ ಕನ್ನಡದಲ್ಲಿ ಬಿಡಿಸಿ ಹೇಳಿದರೆ ಸಾಕು.

ಇಂಥ ಹೊತ್ತಿನಲ್ಲಿ ಕಾನೂನೇ ಬದಲಾಗಿದೆ. 29 ಹಳೆಯ ಕಾರ್ಮಿಕ ಕಾಯ್ದೆಗಳ ಬದಲು ನಾಲ್ಕು ಸಂಹಿತೆಗಳನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಜಾರಿಗೆ ತಂದಿತು. ಕಾರ್ಮಿಕ ಸಂಘಟನೆಗಳು ಇವನ್ನು ವಿರೋಧಿಸಿವೆ. ಮುಷ್ಕರ, ಲೇ ಆಫ್ ವಿಚಾರದಲ್ಲಿ ಅವರ ಆತಂಕಕ್ಕೆ ಕಾರಣಗಳೂ ಇವೆ. ಆ ವಾದ ಏನೇ ಇರಲಿ, ಕೆಲಸಗಾರನ ಕೈಗೆ ಸಿಗಬೇಕಾದ ಕೆಲವು ಸಂಗತಿಗಳು ಅದರಲ್ಲಿ ಸ್ಪಷ್ಟವಾಗಿವೆ. ನೇಮಕಾತಿ ಪತ್ರ ಕೊಡಲೇಬೇಕು. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನಗಳೊಳಗೆ ಬಾಕಿ ಸಂಬಳ ಚುಕ್ತಾ ಆಗಬೇಕು. ನಿಗದಿತ ಅವಧಿಗೆ ನೇಮಕವಾದವನಿಗೆ ಐದು ವರ್ಷ ಕಾಯದೆ, ಒಂದು ವರ್ಷ ತುಂಬಿದರೆ ಗ್ರಾಚುಯಿಟಿ. ಕಂಟ್ರಾಕ್ಟರು ಸಂಬಳ ಕೊಡದೆ ಕೈಯೆತ್ತಿದರೆ ಕಂಪನಿಯೇ ಕೊಡಬೇಕು. ಈ ಕೊನೆಯ ಮಾತು ಹೊಸದಲ್ಲ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಲ್ಲೂ ಇತ್ತು. "ಅವನು ನಮ್ಮವನಲ್ಲ, ಕಂಟ್ರಾಕ್ಟರ್ ಆಳು" ಎಂದು ಎಚ್.ಆರ್. ಕೈತೊಳೆದುಕೊಳ್ಳಲು ಆಗಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ.

ಕಲ್ಯಾಣಾಧಿಕಾರಿಯ ನಿಯಮವೂ ಬದಲಾಗಿದೆ. 500 ಜನರಿರುವ ಕಾರ್ಖಾನೆಗೆ ಬೇಕಿದ್ದ ಅಧಿಕಾರಿ ಹೊಸ ಸಂಹಿತೆಯಂತೆ 250 ಜನರಿರುವ ಕಡೆಯೂ ಬೇಕು. ಅಂದರೆ ಈ ಕೆಲಸಕ್ಕೆ ಇನ್ನಷ್ಟು ಜನ ಬೇಕಾಗುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಕಾರ್ಯ ಓದುವ ಹಳ್ಳಿ ಮಕ್ಕಳಿಗೆ ಇದು ಒಳ್ಳೆಯ ಬಾಗಿಲು. ಗುಂಡ್ಲುಪೇಟೆ ಸೀಮೆಯ ಹುಡುಗಿಯೊಬ್ಬಳು ಕಲ್ಯಾಣಾಧಿಕಾರಿಯಾಗಿ ಕೂತರೆ, ಬಸ್ಸು ಕೆಟ್ಟು ತಡವಾಗಿ ಬಂದವಳ ಕಷ್ಟವನ್ನು ಅವಳಿಗೆ ಇಂಗ್ಲಿಷಿನಲ್ಲಿ ಬರೆದು ತಿಳಿಸಬೇಕಾಗಿಲ್ಲ. ಇಂಥ ಮಕ್ಕಳನ್ನು ಹುಡುಕಿ, ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಕಲಿಸುವುದಕ್ಕಿಂತ ದೊಡ್ಡ ವೃತ್ತಿ ತರಬೇತಿ ಸಂಘಕ್ಕೆ ಬೇರೆ ಯಾವುದಿದೆ?

ಹೆಣ್ಣುಮಕ್ಕಳ ಮಾತು ಬಂದದ್ದರಿಂದ ಇನ್ನೊಂದು ವಿಷಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಚಾರ್ಜಿಲ್ಲ. ದೂರದ ಕೆಲಸಕ್ಕೆ ಹೋಗಿಬರುವ ಖರ್ಚು ಉಳಿಯಿತು. ಒಪ್ಪಿಗೆ ಪಡೆದು, ರಕ್ಷಣೆಯ ವ್ಯವಸ್ಥೆ ಮಾಡಿ ರಾತ್ರಿ ಪಾಳಿಯಲ್ಲೂ ಹೆಂಗಸರನ್ನು ದುಡಿಸಬಹುದೆಂದು ಕಾನೂನು ಹೇಳುತ್ತದೆ. ಮೈಸೂರಿನ ಬಡಾವಣೆಯಲ್ಲಿ "ರಕ್ಷಣೆ" ಎಂದರೆ ಒಂದು ಅರ್ಥ. ಬಂಡೀಪುರದ ಕಾಡಂಚಿನ ಹಳ್ಳಿಯಲ್ಲಿ ಇನ್ನೊಂದು. ಕಂಪನಿ ಗಾಡಿ ರಾತ್ರಿ ಹೊತ್ತು ಮೇನ್ ರೋಡಿನಲ್ಲಿ ಇಳಿಸಿ ಹೋದರೆ, ಒಳಗಿನ ಹಳ್ಳಿಯವಳು ಆನೆ, ಚಿರತೆ ತಿರುಗುವ ದಾರಿಯಲ್ಲಿ ನಡೆಯಬೇಕು. ಮನೆ ಬಾಗಿಲಿಗೆ ಬಿಡದ ರಕ್ಷಣೆ ರಕ್ಷಣೆಯಲ್ಲ. ಸಭಾಂಗಣದ ಉಪನ್ಯಾಸದಲ್ಲಿ ಇದು ತಿಳಿಯುವುದಿಲ್ಲ. ಇಲ್ಲಿಗೆ ಬಂದು ಆ ದಾರಿ ನೋಡಿದರೆ ತಿಳಿಯುತ್ತದೆ.

"ಸಂಘವೇನು ಯೂನಿಯನ್ನೇ? ಲೇಬರ್ ಡಿಪಾರ್ಟ್‌ಮೆಂಟೇ? ಚಂದಾ ಕೊಟ್ಟ ಸದಸ್ಯರು ತಮ್ಮ ಜ್ಞಾನ ಹೆಚ್ಚಿಸಿಕೊಳ್ಳಲು ಸೇರಿದವರು, ಊರ ಉಸಾಬರಿ ಅವರಿಗೇಕೆ?" ಎಂದು ಕೇಳುವವರಿರಬಹುದು. ಮಾತಿನಲ್ಲಿ ಸ್ವಲ್ಪ ನ್ಯಾಯವಿದೆ. ಸಂಘ ಯಾರ ಮೇಲೂ ಕೇಸು ಹಾಕಲಾರದು, ಹಾಕಬೇಕಾದ್ದೂ ಇಲ್ಲ. ಆದರೆ ಹುಡುಗರು ಮೂರು ತಿಂಗಳಿಗೆ ಕೆಲಸ ಬಿಟ್ಟು ಓಡಿದರೆ ಕಂಪನಿಗೂ ನಷ್ಟವೇ. ಹೊಸಬನಿಗೆ ಕಲಿಸುವ ಖರ್ಚು ಯಾರದು? ನಂಬಿಕೆ ಇದ್ದ ಕಡೆ ಆಳು ನಿಲ್ಲುತ್ತಾನೆ. ಕೆಳಗಿನವನಿಗೆ ಮುಟ್ಟದ ವೃತ್ತಿ ಜ್ಞಾನ ಊಟಕ್ಕಿಲ್ಲದ ಉಪ್ಪಿನಕಾಯಿ.

ಅಂಗಡಿ ಮಾಲೀಕರೂ ಇದನ್ನು ಪಕ್ಕದ ಬೀದಿ ಜಗಳ ನೋಡಿದಂತೆ ನೋಡಬಾರದು. ಗಲ್ಲದ ಮೇಲೆ ಕೂತು ಇಬ್ಬರು ಹುಡುಗರನ್ನು ಇಟ್ಟುಕೊಂಡವರು ತಮ್ಮ ಅಂಗಡಿಗೆ ತಾವೇ ಎಚ್.ಆರ್. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ವಾರಕ್ಕೊಂದು ರಜೆ ಎಂದಿದೆ. ಹತ್ತು ಜನ ದುಡಿಯುವ ಕಡೆ ಇ.ಎಸ್.ಐ. ಬರುತ್ತದೆ, ಇಪ್ಪತ್ತಾದರೆ ಪಿ.ಎಫ್. "ಸಣ್ಣ ವ್ಯಾಪಾರ, ಇದೆಲ್ಲ ಯಾರಿಗೆ ಗೊತ್ತಾಗುತ್ತೆ" ಎನ್ನುವವರಿಗೂ ತಿಳಿಸಿಕೊಡುವವರು ಬೇಕು. ಕಾನೂನು ತಿಳಿಯದೆ ದಂಡ ಕಟ್ಟುವುದಕ್ಕಿಂತ ಅರ್ಧ ದಿನ ಕೂತು ಕೇಳುವುದು ಅಗ್ಗ.

ಆಗಬೇಕಾದ ಕೆಲಸ ಕಷ್ಟದ್ದೇನಲ್ಲ. ಸಂಘದ ಮೈಸೂರು ಶಾಖೆಯವರು ಮೂರು ತಿಂಗಳಿಗೊಂದು ಸಲ ತಮ್ಮ ಸಭೆಯನ್ನು ಗುಂಡ್ಲುಪೇಟೆಯಲ್ಲೋ ಹಂಗಳದಲ್ಲೋ ನಡೆಸಲಿ. ಶಾಲೆಯ ಒಂದು ಕೊಠಡಿ, ನಾಲ್ಕು ಬೆಂಚು ಸಾಕು. ಪಿ.ಎಫ್. ಇಲಾಖೆ 2023ರ ಜನವರಿಯಲ್ಲಿ ಜಿಲ್ಲೆ ಜಿಲ್ಲೆಗೂ ಹೋಗಿ ತಿಂಗಳಿಗೊಮ್ಮೆ ದೂರು ಕೇಳುವ ಕಾರ್ಯಕ್ರಮ ಆರಂಭಿಸಿತು. ಆ ಅಧಿಕಾರಿಗಳನ್ನೂ ಇ.ಎಸ್.ಐ.ನವರನ್ನೂ ಜೊತೆಗೆ ಕರೆತರಲಿ. ನೇಮಕಾತಿ ಪತ್ರದಲ್ಲಿ ಏನಿರಬೇಕು, ಯು.ಎ.ಎನ್. ಹೇಗೆ ನೋಡಿಕೊಳ್ಳಬೇಕು, ದೂರು ಎಲ್ಲಿ ಕೊಡಬೇಕು ಎಂಬುದನ್ನು ಒಂದೇ ಹಾಳೆಯಲ್ಲಿ, ಓದಿಸಿಕೊಂಡರೂ ಅರ್ಥವಾಗುವ ಕನ್ನಡದಲ್ಲಿ ಅಚ್ಚು ಹಾಕಿಸಲಿ. ಈ ವಿಷಯಗಳಿಗೆ ಕನ್ನಡ ಸಾಲದು ಎಂಬ ನೆಪ ಬೇಡ. ಬೆಂಗಳೂರಿನ ನಿರಾತಂಕ ಸಂಸ್ಥೆ 'ಸಮಾಜಕಾರ್ಯದ ಹೆಜ್ಜೆಗಳು' ಎಂಬ ಕನ್ನಡ ಪತ್ರಿಕೆಯನ್ನೇ ಹೊರತಂದು ತೋರಿಸಿದೆ. ಎಲ್ಲಕ್ಕಿಂತ ಮುಖ್ಯವಾಗಿ, ತರಬೇತಿಗೆ ಮ್ಯಾನೇಜರುಗಳ ಜೊತೆ ಕಂಟ್ರಾಕ್ಟರುಗಳ ಸೂಪರ್‌ವೈಸರುಗಳನ್ನೂ ಕೂರಿಸಲಿ. ತಪ್ಪು ಆಗುವ ಕಡೆಯೇ ಪಾಠ ಆಗಬೇಕು.

ಬಸ್ಸಿನಲ್ಲಿ ಹೋಗಿಬರುವ ಹುಡುಗ ಹುಡುಗಿಯರೂ ಬಾಯಿ ಮುಚ್ಚಿ ಕೂರಬಾರದು. ನೇಮಕದ ಕಾಗದ ಕೇಳಿ ಪಡೆಯಬೇಕು. ಸಂಬಳದ ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನ ಮಾಡಬೇಕು. ಹಳೆಯ ಪಿ.ಎಫ್. ನಂಬರನ್ನು ಹೊಸ ಕಡೆ ಹೇಳಬೇಕು. ಒಬ್ಬನೇ ಕೇಳಲು ಅಂಜಿಕೆಯಾದರೆ ನಾಲ್ಕು ಜನ ಸೇರಿ ಕೇಳಬೇಕು.

ಮೇಸ್ತ್ರಿಯ ಕಾಟ ತಪ್ಪಿಸಲು ತೊಂಬತ್ತು ವರ್ಷಗಳ ಹಿಂದೆ ಹುಟ್ಟಿದ ವೃತ್ತಿ ಇದು. ಅದು ಬೆಳೆದಿದೆಯೋ ಇಲ್ಲವೋ ಎಂಬುದನ್ನು ಗೋಡೆಗೆ ನೇತುಹಾಕಿದ ಸರ್ಟಿಫಿಕೇಟು ಹೇಳಲಾರದು. ಹಂಗಳದ ಹುಡುಗನ ಕೈಯಲ್ಲಿ ನೇಮಕದ ಕಾಗದ ಇದೆಯೇ ಎಂಬುದು ಹೇಳುತ್ತದೆ. ಸಂಘದ ಪದಾಧಿಕಾರಿಗಳು, ಕಾರ್ಮಿಕ ಇಲಾಖೆ, ಜಿಲ್ಲಾಡಳಿತ ಮೂವರೂ ಇತ್ತ ಗಮನ ಹರಿಸಿ, ಮೊದಲ ಸಭೆಯ ದಿನಾಂಕವನ್ನು ಬೇಗ ಪ್ರಕಟಿಸಲಿ.